ನಾನ್ನೂರೈವತ್ತಕ್ಕೆ ಹೋದ ಹಿತ್ತಾಳೆ ಗೋಳ

ನಾನು ಫಿರ್ಯಾದಿದಾರರ ಒಡಹುಟ್ಟಿದ ತಂಗಿ, ವಯಸ್ಸು 47 ವರ್ಷ, ಉದ್ಯೋಗ ಹಳೆಯ ವಸ್ತುಗಳ ಅಂಗಡಿಯಲ್ಲಿ ಒರೆಸುವುದು, ತಿಕ್ಕುವುದು ಮತ್ತು ಮಾರಾಟ, ವಾಸ ಅದೇ ಅಂಗಡಿಯ ಮೇಲಿನ ಮಹಡಿ. ಬೀದಿಯಲ್ಲಿ ನನ್ನನ್ನು ಹಿತ್ತಾಳೆ ಅಕ್ಕ ಎಂದು ಕರೆಯುತ್ತಾರೆ. ಈ ದಿನ 12ನೇ ತಾರೀಖು ಮಂಗಳವಾರ ಬೆಳಿಗ್ಗೆ 10.30ಕ್ಕೆ, ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದು ಹೀಗಿದೆ.

ನಮ್ಮ ಅಂಗಡಿಯಿಂದ ಟೈಲರಮ್ಮ ಒಂದು ಹಿತ್ತಾಳೆ ಗೋಳವನ್ನು ಬೆಲೆ ಚೀಟಿ ಅದಲುಬದಲು ಮಾಡಿ ಅಗ್ಗಕ್ಕೆ ಹೊಡೆದುಕೊಂಡು ಹೋಗಿದ್ದಾರೆ ಎಂದು ನನ್ನ ಅಣ್ಣ 9ನೇ ತಾರೀಖು ದೂರು ಕೊಟ್ಟಿದ್ದಾನೆ. ಆ ದಿನ ಗೋಳವನ್ನು ಮಾರಿದವಳು ನಾನು.

ಅಂಗಡಿಯಲ್ಲಿ ಖರೀದಿ ಮಾಡುವುದು, ಬೆಲೆ ಕಟ್ಟುವುದು ಅಣ್ಣನ ಕೆಲಸ. ಹಳೆಯ ವಸ್ತುವಿಗೆ ಅಂಟು ಹಚ್ಚಿದರೆ ಕಲೆ ಉಳಿಯುತ್ತದೆ, ದಾರ ಕಟ್ಟಿದರೆ ಗೆರೆ ಬೀಳುತ್ತದೆ. ಆದ್ದರಿಂದ ನಾವು ಚೀಟಿಯನ್ನು ವಸ್ತುವಿನ ಅಡಿಯಲ್ಲಿ ಇಡುತ್ತೇವೆ. ಚೀಟಿಯಲ್ಲಿ ಬೆಲೆ ಮಾತ್ರ ಇರುತ್ತದೆ, ವಸ್ತುವಿನ ಹೆಸರು ಇರುವುದಿಲ್ಲ. ಹೆಸರು ಬರೆದರೆ ಗಿರಾಕಿ ಚೀಟಿ ಓದುತ್ತಾನೆಯೇ ಹೊರತು ವಸ್ತು ನೋಡುವುದಿಲ್ಲ ಎಂಬುದು ಅಣ್ಣನ ವಾದ. ಐದು ವರ್ಷದ ಹಿಂದೆ ಒಂದು ಕನ್ನಡಿಯ ಬೆಲೆ ಕಡಿಮೆಯಾಯಿತೇನೋ ಎಂದು ನಾನು ಗಿರಾಕಿಯ ಎದುರಿಗೇ ಕೇಳಿದ್ದೆ. ನೀನು ಒರೆಸು ಸಾಕು, ಬೆಲೆ ನನಗೆ ಬಿಡು ಎಂದು ಅಣ್ಣ ಅವರ ಎದುರಿಗೇ ಹೇಳಿದ. ಅಂದಿನಿಂದ ಚೀಟಿಯಲ್ಲಿ ಏನಿದೆಯೋ ಅಷ್ಟನ್ನು ಓದಿ ಹೇಳುತ್ತೇನೆ.

ಸದರಿ ಗೋಳ ಹನ್ನೊಂದು ವರ್ಷದಿಂದ ಅಂಗಡಿಯಲ್ಲಿತ್ತು. ಎತ್ತರ 7 ಇಂಚು, ತೂಕ 2 ಕೆ.ಜಿ. 300 ಗ್ರಾಂ, ಮೂರು ಕಾಲು, ಅಡಿಯಲ್ಲಿ ಎರಡು ಇಂಚಿನ ಬಾಯಿ. ಮೈತುಂಬ ಸಣ್ಣ ದೊಡ್ಡ ತೂತುಗಳು. ಸುಗಂಧದ ಪುಡಿ ಇಡುವ ಪಾತ್ರೆ ಇರಬೇಕು ಎಂದು ಅಣ್ಣ ಗಿರಾಕಿಗಳಿಗೆ ಹೇಳುತ್ತಿದ್ದ. ತಿಂಗಳಿಗೊಮ್ಮೆ ನಾನು ಅದನ್ನು ಪಾಲಿಶ್ ಹಚ್ಚಿ ತಿಕ್ಕುತ್ತಿದ್ದೆ.

4ನೇ ತಾರೀಖು ಸೋಮವಾರ, ಒರೆಸುವ ದಿನ. ಬೆಳಿಗ್ಗೆ 9.15ಕ್ಕೆ ನಾಲ್ಕನೇ ಹಲಗೆಯ ಒಂಬತ್ತು ವಸ್ತುಗಳನ್ನು ಎಡದಿಂದ ಬಲಕ್ಕೆ ಸಾಲಾಗಿ ಮೇಜಿಗೆ ಇಳಿಸಿದೆ. ಚೀಟಿಗಳು ಹಲಗೆಯ ಮೇಲೆ ಇದ್ದಲ್ಲೇ ಇರುತ್ತವೆ. ಒರೆಸಿದ ಮೇಲೆ ಅದೇ ಸಾಲಿನಲ್ಲಿ ಹಿಂದಕ್ಕೆ ಇಡುತ್ತೇನೆ. ಅಂದು ನಾನು ಬಟ್ಟೆ ಹಿಂಡಲು ಹಿಂದಿನ ಕೋಣೆಗೆ ಹೋಗಿದ್ದಾಗ ಅಣ್ಣ ಸಾಲಿನ ಎರಡನೆಯದಾದ ಬಾಚಣಿಗೆ ಪೆಟ್ಟಿಗೆಯನ್ನು ಯಾರಿಗೋ ತೋರಿಸಲು ಬಾಗಿಲ ಬಳಿ ಕೊಂಡೊಯ್ದಿದ್ದ. ನನಗೆ ಹೇಳಿರಲಿಲ್ಲ. ನಾನು ಉಳಿದ ಎಂಟನ್ನೇ ಸಾಲಾಗಿ ಇಟ್ಟೆ. ಎರಡನೆಯದರಿಂದ ಮುಂದಿನ ಪ್ರತಿ ವಸ್ತುವೂ ಒಂದೊಂದು ಸ್ಥಾನ ಎಡಕ್ಕೆ ಸರಿದು ಪಕ್ಕದ್ದರ ಚೀಟಿಯ ಮೇಲೆ ಕೂತಿತು. ಕೊನೆಯ ಜಾಗ ಖಾಲಿ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಬಂದು ಬಾಚಣಿಗೆ ಪೆಟ್ಟಿಗೆಯನ್ನು ಆ ಖಾಲಿ ಜಾಗದಲ್ಲಿ ಇಟ್ಟು ಹೋದ. ನೋಡಲು ಎಲ್ಲವೂ ಸರಿಯಾಗಿತ್ತು. ಆರನೆಯದಾದ ಗೋಳ ಐದನೆಯದಾದ ತಗಡಿನ ಚಹಾ ಡಬ್ಬಿಯ ಚೀಟಿಯ ಮೇಲೆ ಇತ್ತು. ಗೋಳದ ಚೀಟಿಯ ಮೇಲೆ ಏಳನೆಯದಾದ, ಒಂದು ಕಾಲು ಮುರಿದ ಶಾಯಿ ಕುಡಿಕೆ ಇತ್ತು.

6ನೇ ತಾರೀಖು ಬುಧವಾರ ಬೆಳಿಗ್ಗೆ 11.40ಕ್ಕೆ ಟೈಲರಮ್ಮ ಅಂಗಡಿಗೆ ಬಂದರು. ನಮ್ಮ ಅಂಗಡಿಯ ಪರದೆ ಹೊಲಿದವರು ಅವರೇ. ಹಾಸಿಗೆ ಹಿಡಿದಿರುವ ತಾಯಿಗೆ ಬಲ್ಬಿನ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಅದರ ಮೇಲೆ ಮುಚ್ಚಲು ಏನಾದರೂ ಬೇಕು ಎಂದರು. ಗೋಳವನ್ನು ತೋರಿಸಿದ್ದು ನಾನು, ಎತ್ತಿದ್ದು ನಾನು, ಚೀಟಿ ಎಳೆದು ಓದಿದ್ದೂ ನಾನು. ಅವರ ಎರಡು ಕೈಯಲ್ಲೂ ಬಟ್ಟೆಯ ಗಂಟು ಇತ್ತು, ಹಣ ಕೊಡುವವರೆಗೂ ಕೆಳಗೆ ಇಳಿಸಲಿಲ್ಲ. ಚೀಟಿಯಲ್ಲಿ 450 ಎಂದು ಇತ್ತು. ಮನಸ್ಸಿನಲ್ಲಿ ಒಂದು ಕ್ಷಣ ಏನೋ ಕೊರೆಯಿತು. ಕೇಳಲಿಲ್ಲ.

“ಮೈಯೆಲ್ಲಾ ತೂತು ಬಿದ್ದಿರೋದಕ್ಕೆ ನಾನ್ನೂರೈವತ್ತಾ? ಇನ್ನೂರು ಮಾಡ್ಕೊಳ್ಳಿ ಅಕ್ಕಾ” ಎಂದು ಅವರು ಚೌಕಾಸಿ ಮಾಡಿದರು. ತೂತಿಗೆ ಇಷ್ಟು ಅಂತ ಲೆಕ್ಕ ಹಾಕಿದರೆ ಪುಕ್ಕಟೆ ಬಿದ್ದ ಹಾಗೇನೇ ಎಂದು ನಾನು ಹೇಳಿದೆ. ಇಬ್ಬರೂ ನಕ್ಕೆವು. ಕೊನೆಗೆ ಅವರು 450 ಕೊಟ್ಟು ಗೋಳ ಕೊಂಡರು. ಚೀಟಿಯನ್ನು ತಾನೇ ಬದಲಿಸಿದವರು ಅಷ್ಟು ಹೊತ್ತು ಚೌಕಾಸಿ ಮಾಡುತ್ತಾರೆಂದು ನನಗೆ ಅನಿಸುವುದಿಲ್ಲ.

7ನೇ ತಾರೀಖು ಗುರುವಾರ ಮಧ್ಯಾಹ್ನ ಇಬ್ಬರು ಕಾಲೇಜು ಹುಡುಗಿಯರು ಶಾಯಿ ಕುಡಿಕೆಯ ಬೆಲೆ ಕೇಳಿದರು. ಮೂರು ಲಕ್ಷ ನಲವತ್ತು ಸಾವಿರ ಎಂದು ಓದಿ ಹೇಳಿದೆ. “ಇದ್ರಲ್ಲಿ ಅದ್ದಿ ಬರೆದ್ರೆ ಪರೀಕ್ಷೆ ತಾನಾಗೇ ಪಾಸಾಗುತ್ತಾ ಅಕ್ಕಾ?” ಎಂದು ಒಬ್ಬಳು ಕೇಳಿದಳು. ಆಗಲೂ ನಾನು ಅಣ್ಣನನ್ನು ಕೇಳಲಿಲ್ಲ.

9ನೇ ತಾರೀಖು ಶನಿವಾರ ಸಂಜೆ 4.10ಕ್ಕೆ ಅಣ್ಣ ಗೋಳ ಎಲ್ಲಿ ಎಂದು ಕೇಳಿದ. ಹೇಳಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು ಚಪ್ಪಲಿ ಮೆಟ್ಟಿ ಹೊರಟ. ನಾನೂ ಜೊತೆಗೆ ಹೋದೆ. ಟೈಲರಮ್ಮನ ಮನೆ ಅಂಗಡಿಯಿಂದ 1.3 ಕಿ.ಮೀ., ಮೂರನೇ ಮಹಡಿ, 46 ಮೆಟ್ಟಿಲು. 4.35ಕ್ಕೆ ತಲುಪಿದೆವು. ಬಾಗಿಲು ತೆರೆದ ಕೂಡಲೇ ಅಣ್ಣ ಕೂಗಾಡಲು ಶುರು ಮಾಡಿದ. ಒಳಗೆ ಕತ್ತಲಿತ್ತು. ಕಿಟಕಿಗೆ ಕೋಟಿನ ಕಪ್ಪು ಬಟ್ಟೆಯನ್ನು ಎರಡು ಪದರ ಕಟ್ಟಿದ್ದರು. ಹಾಸಿಗೆಯಿಂದ ಟೈಲರಮ್ಮನ ತಾಯಿ, “ಜಗಳ ಆಡೋರು ಒಳಗೆ ಬಂದು ಆಡಿ, ಬಾಗಿಲು ಹಾಕ್ಕೊಳ್ಳಿ. ಬೆಳಕು ಬಂದು ಎಲ್ಲಾ ಅಳಿಸಿ ಹೋಗ್ತಿದೆ” ಎಂದು ಗದರಿದರು. ಅಣ್ಣ ಒಳಗೆ ಬಂದು ಬಾಗಿಲು ಹಾಕಿದ.

ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಗೋಳವಿತ್ತು. ಅಡಿಯಿಂದ ಒಂದು ಸಣ್ಣ ಬಲ್ಬನ್ನು ಒಳಗೆ ತೂರಿಸಿದ್ದರು. ಚಾವಣಿ, ಗೋಡೆ, ಹೊಲಿಗೆ ಯಂತ್ರ, ಔಷಧಿ ಬಾಟಲಿ, ತಾಯಿಯ ಬಿಳಿ ಕೂದಲು, ಎಲ್ಲದರ ಮೇಲೆ ನಕ್ಷತ್ರಗಳಿದ್ದವು. ಸುಮ್ಮನೆ ಚೆಲ್ಲಿದ ಚುಕ್ಕೆಗಳಲ್ಲ, ಆಕಾಶದಲ್ಲಿ ಯಾವುದು ಎಲ್ಲಿರಬೇಕೋ ಅಲ್ಲಿಯೇ ಇದ್ದವು. ದೊಡ್ಡ ತೂತಿನವು ಉರಿಯುತ್ತಿದ್ದವು, ಸಣ್ಣವು ಇವೆಯೋ ಇಲ್ಲವೋ ಎಂಬಂತಿದ್ದವು. ಕೊಠಡಿ ಹತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲ ಎಂದು ಆಮೇಲೆ ಕಿಟಕಿ ತೆರೆದಾಗ ಅಂದಾಜು ಮಾಡಿದೆ. ಆ ಹೊತ್ತಿನಲ್ಲಿ ಗೋಡೆ ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ. ಹಿಡಿದುಕೊಳ್ಳಲು ಕೈ ಚಾಚಿದೆ. ಕೈಯ ಮೇಲೆ ಮೂರು ನಕ್ಷತ್ರ ಬಿದ್ದವು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಅಣ್ಣನ ಕೂಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ತಾಯಿ ಬಟ್ಟೆ ಅಳೆಯುವ ಮರದ ಪಟ್ಟಿಯನ್ನು ಅವನತ್ತ ಚಾಚಿ, “ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ, ಸಪ್ತರ್ಷಿ ಅಷ್ಟೂ ನಿನ್ನ ಅಂಗಿ ಮೇಲಿದೆ” ಎಂದರು. ಅಣ್ಣ ತನ್ನ ಎದೆಯನ್ನು ನೋಡಿಕೊಂಡು ಪಕ್ಕಕ್ಕೆ ಸರಿದ. ಆಮೇಲೆ ನೆಲದ ಮೇಲೆ ಕುಳಿತ.

ಸೊಂಟದ ಮೂಳೆ ಮುರಿದು ಏಳು ತಿಂಗಳಾಯಿತು, ಅಷ್ಟು ದಿನವೂ ಚಾವಣಿಯ ಫ್ಯಾನಿನ ಕೊಕ್ಕೆ ಬಿಟ್ಟು ಬೇರೇನೂ ನೋಡಿಲ್ಲ ಎಂದು ತಾಯಿ ಹೇಳಿದರು. ಚಿಕ್ಕವರಿದ್ದಾಗ ಮನೆಯ ಮಾಳಿಗೆಯ ಮೇಲೆ ಮಲಗಿ ನಕ್ಷತ್ರಗಳನ್ನು ಕಲಿತಿದ್ದರಂತೆ. ಮೊದಲ ದಿನ ಗೋಳ ಹೊತ್ತಿಸಿದಾಗ, “ಇಲ್ಲಿ ಆರು ಇರಬೇಕು, ನಾಲ್ಕೇ ಇವೆ. ಇನ್ನೆರಡು ಯಾರು ಕದ್ದರು?” ಎಂದು ಮಗಳನ್ನು ಕೇಳಿದರಂತೆ. ಮಗಳು ಎಲ್ಲಕ್ಕಿಂತ ಸಣ್ಣ ಸೂಜಿ ಹಿಡಿದು ತಾಯಿ ಹೇಳಿದ ಜಾಗಗಳಲ್ಲಿ ಮೆಲ್ಲಗೆ ಚುಚ್ಚಿ ನೋಡಿದಾಗ ತೂತುಗಳು ಇದ್ದವು, ಒಳಗೆ ಏನೋ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಎರಡು ದಿನದಲ್ಲಿ 61 ತೂತು ಬಿಡಿಸಿದ್ದರು. ಬಂದ ಪುಡಿಯನ್ನು ಒಂದು ಗುಂಡಿ ಡಬ್ಬಿಯ ಮುಚ್ಚಳದಲ್ಲಿ ಕೂಡಿಟ್ಟಿದ್ದರು. ನನಗೆ ತೋರಿಸಿದರು. ಬಿಳಿ, ಅಂಚಿನಲ್ಲಿ ಸ್ವಲ್ಪ ಹಸಿರು. ಅದು ನನ್ನ ಪಾಲಿಶ್. ವಾಸನೆಯಿಂದಲೇ ಗೊತ್ತಾಯಿತು. ಹನ್ನೊಂದು ವರ್ಷ, ತಿಂಗಳಿಗೊಂದು ಸಲ, ಆ ನಕ್ಷತ್ರಗಳನ್ನು ಮುಚ್ಚುತ್ತಾ ಬಂದವಳು ನಾನು. ಅಷ್ಟು ವರ್ಷದಲ್ಲಿ ನಾವು ಅಣ್ಣ ತಂಗಿ ಒಂದು ದಿನವೂ ಅದರೊಳಗೆ ದೀಪ ಇಟ್ಟು ನೋಡಿರಲಿಲ್ಲ.

ಎಣಿಸಲು ಶುರು ಮಾಡಿದೆ. 212ಕ್ಕೆ ಬಂದಾಗ ಕಣ್ಣು ಮಂಜಾಗಿ ಲೆಕ್ಕ ತಪ್ಪಿತು. 5.10ಕ್ಕೆ ಹೊರಗೆ ಬಂದೆವು. ಅಣ್ಣ ನನಗಿಂತ ಮುಂದೆ 46 ಮೆಟ್ಟಿಲು ಇಳಿದ. ಬೀದಿಗೆ ಬಂದ ಮೇಲೆ ಠಾಣೆಯ ಕಡೆ ತಿರುಗಿದ. ಹೋಗಲಿ ಬಿಡು ಅಣ್ಣಾ ಎಂದೆ. “ನೋಡದೇ ಇದ್ದಿದ್ರೆ ಬಿಡ್ತಿದ್ದೆನೋ ಏನೋ. ನೋಡಿದ ಮೇಲೆ ಹೇಗೆ ಬಿಡಲಿ ಹೇಳು?” ಎಂದ. 5.40ಕ್ಕೆ ದೂರು ಕೊಟ್ಟ. ಚೀಟಿ ಬದಲಿಸಿದ್ದನ್ನು ಕಂಡೆ ಎಂದು ನಾನು ಸಾಕ್ಷಿ ಹೇಳಬೇಕು ಎಂದ. 10ನೇ ತಾರೀಖು ಭಾನುವಾರ ಬೆಳಿಗ್ಗೆ 10.15ಕ್ಕೆ ಪೊಲೀಸರು ಗೋಳವನ್ನು ಠಾಣೆಗೆ ತಂದಿರುತ್ತಾರೆ.

ನಿನ್ನೆ ಸೋಮವಾರ, ಒರೆಸುವ ದಿನ. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ನಾಲ್ಕನೇ ಹಲಗೆಯನ್ನು ಮುಟ್ಟಲಿಲ್ಲ. ತಾವು ಬಂದು ನೋಡಬಹುದು. ಬಾಚಣಿಗೆ ಪೆಟ್ಟಿಗೆ ಈಗಲೂ ಕೊನೆಯಲ್ಲಿದೆ, ಶಾಯಿ ಕುಡಿಕೆ ಈಗಲೂ ಮೂರು ಲಕ್ಷ ನಲವತ್ತು ಸಾವಿರದ ಚೀಟಿಯ ಮೇಲಿದೆ. ಯಾರಾದರೂ ಗೋಳದ ಚೀಟಿಯನ್ನಷ್ಟೇ ಬದಲಿಸಿ ಇಟ್ಟಿದ್ದರೆ ಸಾಲಿನಲ್ಲಿ ಎಂಟು ವಸ್ತು ಸರಿಯುವುದಿಲ್ಲ. ತಪ್ಪು ನನ್ನದು. ಟೈಲರಮ್ಮನ ಕೈ ಆ ಹಲಗೆಯನ್ನು ಮುಟ್ಟಿಲ್ಲ. ಗೋಳ ಯಾರಿಗೆ ಸೇರಬೇಕು ಎಂಬುದು ತಮಗೂ ನ್ಯಾಯಾಲಯಕ್ಕೂ ಬಿಟ್ಟದ್ದು. ಅವರ ಮೇಲಿನ ವಂಚನೆಯ ಮಾತು ಮಾತ್ರ ಸುಳ್ಳು.

ಒಂದು ಕೋರಿಕೆ. ಗೋಳ ಠಾಣೆಯಲ್ಲಿ ಇರುವಷ್ಟು ದಿನ ಯಾರೂ ಅದನ್ನು ತಿಕ್ಕಿ ಹೊಳೆಯಿಸಬಾರದು. ಒಣಬಟ್ಟೆಯಿಂದ ಧೂಳು ಹೊಡೆದರೆ ಸಾಕು.

ಇಂದು ಬೆಳಿಗ್ಗೆ 9.50ಕ್ಕೆ, ಠಾಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ ಎಂದು ಅಣ್ಣನಿಗೆ ತಿಳಿಸಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ನಾಲ್ಕನೇ ಹಲಗೆಯ ಮುಂದೆ ಹೋಗಿ ನಿಂತ. ಆಮೇಲೆ, ಅವತ್ತು ನೀನು ಎಷ್ಟರ ತನಕ ಎಣಿಸಿದೆ ಎಂದು ಕೇಳಿದ. 212 ಎಂದೆ. ತಾನು 240ರ ತನಕ ಎಣಿಸಿದೆ, ಅಷ್ಟರಲ್ಲಿ ಆ ಅಮ್ಮ ಮಾತಾಡಿಸಿ ತಪ್ಪಿಸಿಬಿಟ್ಟರು ಎಂದ. ಬಾಗಿಲು ತೆರೆದು ನನಗೆ ದಾರಿ ಬಿಟ್ಟ.

ಇಲ್ಲಿಯವರೆಗೆ ಬರೆದದ್ದನ್ನು ನನಗೆ ಓದಿ ಹೇಳಿದರು, ಕೇಳಿದೆನು. ನಾನು ಹೇಳಿದ್ದೇ ಇದೆ, ಹೇಳದ್ದು ಇಲ್ಲ. ಇದಕ್ಕೆ ನಾನೇ ಹೊಣೆ ಎಂದು ಒಪ್ಪಿ ಸಹಿ ಹಾಕಿರುತ್ತೇನೆ.

ಸ್ಥಳ: ಠಾಣೆಯ ಬರಹದ ಕೊಠಡಿ
ದಿನಾಂಕ: 12, ಮಂಗಳವಾರ, ಮಧ್ಯಾಹ್ನ 12.05
ಸಹಿ: (ಫಿರ್ಯಾದಿದಾರರ ತಂಗಿ)