ಎಡಭುಜ ಅರ್ಧ ಇಂಚು ಕೆಳಗೆ

…ಇಲ್ಲ ಮಾಸ್ಟ್ರೇ, ಬಿಗಿ ಏನಿಲ್ಲ. ಉಸಿರಾಡ್ತಿದೀನಿ, ಸ್ವಲ್ಪ ಸ್ವಲ್ಪ. ನೀವು ಆರಾಮಾಗಿ ಅಳತೆ ತಗೊಳ್ಳಿ, ನಾನು ಹೀಗೇ ಕಂಬದ ಥರ ನಿಂತಿರ್ತೀನಿ. ಏನು? ಮಾತಾಡಿದ್ರೆ ಎದೆ ಅಳತೆ ತಪ್ಪುತ್ತಾ? ಸರಿ, ಸರಿ. ಬಾಯಿಗೆ ಬೀಗ.

ಒಂದೇ ಒಂದು ಮಾತು. ನಿನ್ನೆ ನೀವು "ಬಾ, ಕೋಟಿಗೆ ಅಳತೆ ಕೊಟ್ಟು ಹೋಗು" ಅಂದ್ರಲ್ಲ, ನನಗೆ ನೆಲ ಕಾಣ್ಲಿಲ್ಲ. ಓಡಿ ಹೋಗಿ ನಿಮ್ಮ ಮಗಳಿಗೆ ಫೋನ್ ಮಾಡಿ, "ಅಪ್ಪ ಮದುವೆಗೆ ಒಪ್ಪಿದ್ರು ಕಣೇ" ಅಂದೆ. ಯಾಕೆ ಹಾಗೆ ಕನ್ನಡಕದ ಮೇಲಿಂದ ನೋಡ್ತೀರಿ? ಹೌದು, ಒಪ್ಪಿದೀನಿ ಅಂತ ನೀವು ಬಾಯಿಬಿಟ್ಟು ಹೇಳಿಲ್ಲ. ಅದು ನಿಜ. ಈಗ್ಲೂ ಬಾಯಲ್ಲಿ ಪೆನ್ಸಿಲ್ ಕಚ್ಕೊಂಡಿದೀರಿ, ಹೇಳೋದು ಬೇಡ. ತಲೆ ಆಡ್ಸಿದ್ರೆ ಸಾಕು… ಆಡ್ಸಲ್ವಾ? ಪರವಾಗಿಲ್ಲ, ನಿಧಾನಕ್ಕೆ.

ಮೂರು ತಿಂಗಳ ಹಿಂದೆ ಇದೇ ಕನ್ನಡಿ ಮುಂದೆ ನಿಂತಿದ್ದೆ. ನಿಮ್ಮ ಮಗಳನ್ನ ಕೇಳೋಕೆ ಬಂದಿದ್ದೆ. "ಏನು ಕೆಲಸ ನಿಂದು?" ಅಂದ್ರಿ. "ಹುಡುಕಿ ಕೊಡೋ ಕೆಲಸ" ಅಂದೆ. "ಏನು ಕಳ್ಕೊಂಡಿದೀಯ?" ಅಂದ್ರಿ. ಆ ಪರದೆ ಹಿಂದೆ ಗುಂಡಿಗೆ ಕಾಜಾ ಮಾಡ್ತಾ ಕೂತಿದ್ದ ನಿಮ್ಮ ಮಗಳು ಕಿಸಕ್ಕಂತ ನಕ್ಕಳು, ನನ್ನ ಮಾನ ಅಲ್ಲೇ ಹೋಯ್ತು. ಆಮೇಲೆ ಬಿಡಿಸಿ ಹೇಳಿದೆ. ಜನ ಫೋನಲ್ಲಿ "ಹತ್ತಿರದ ದರ್ಜಿ" ಅಂತ ಹುಡುಕ್ತಾರೆ, ಆಗ ನಿಮ್ಮಂಥ ಸಣ್ಣ ಅಂಗಡಿ ಮೇಲಕ್ಕೆ ಕಾಣೋ ಹಾಗೆ ಮಾಡೋದೇ ನನ್ನ ಕೆಲಸ ಅಂತ. ನೀವು ಏನಂದ್ರಿ? "ಮೂವತ್ತೊಂದು ವರ್ಷದಿಂದ ಇಲ್ಲೇ ಕೂತಿದೀನಲ್ಲೋ, ನನ್ನನ್ನೇನು ಹುಡುಕೋದು?" ಅಂದ್ರಿ. ಅಂದು, ಕತ್ತರಿ ಕೆಳಗಿಟ್ಟು, ಷರತ್ತು ಹಾಕಿದ್ರಿ. ಮೊದಲು ಅಂಗಡಿಗೆ ಹೊಸಬರು ಬರ್ಲಿ, ಮಗಳ ಮಾತು ಆಮೇಲೆ.

ಬಂದ್ರೋ ಇಲ್ವೋ? ಮೊನ್ನೆ ಚೀಲದ ಜಿಪ್ ಹಾಕಿಸ್ಕೊಂಡು ಹೋದ್ರಲ್ಲ ನರ್ಸಮ್ಮ, ಫೋನ್ ನೋಡ್ಕೊಂಡೇ ಮೆಟ್ಲು ಹತ್ತಿದ್ರು. ಮೊದಲು ಹೇಗಿತ್ತು ಹೇಳಿ. ಮ್ಯಾಪಲ್ಲಿ ನಿಮ್ಮ ಅಂಗಡಿ ಕೆರೆ ಮಧ್ಯದಲ್ಲಿತ್ತು. ನಗಬೇಡಿ ಮಾಸ್ಟ್ರೇ, ಟೇಪು ಅಲ್ಲಾಡುತ್ತೆ. ಯಾರೋ ಪುಣ್ಯಾತ್ಮ ಗುರುತು ಹಾಕುವಾಗ ಬೆರಳು ಜಾರಿಸಿದ್ದ. ಪಾಪ, ಒಬ್ಬರು ಪ್ಯಾಂಟ್ ಹಿಡ್ಕೊಂಡು ಕೆರೆ ದಂಡೆಗೆ ಹೋಗಿ ಅರ್ಧ ಗಂಟೆ ನಿಂತಿದ್ರಂತೆ, ಬಾತುಕೋಳಿ ಬಂದು ಅಳತೆ ತಗೊಳ್ಳುತ್ತೆ ಅಂತ. ನಾನು ಬಂದು, ನಿಮ್ಮ ಹೊಸಿಲ ಮೇಲೆ ನಿಂತು, ಗುರುತನ್ನ ಎಳ್ಕೊಂಡು ಬಂದು ಇಲ್ಲಿ ಕೂರಿಸಿದೆ. ಫೋಟೋ ಹಾಕಿದೆ. ಮೊದಲ್ನೇ ಫೋಟೋದಲ್ಲಿ ನಿಮ್ಮ ತಲೆ ಕತ್ತರಿಸಿ ಹೋಗಿ, ಯಾವುದು ನೀವು ಯಾವುದು ಆ ಬೊಂಬೆ ಅಂತ ಗೊತ್ತಾಗ್ತಿರ್ಲಿಲ್ಲ, ಒಪ್ತೀನಿ. ಎರಡನೇದು ಚೆನ್ನಾಗೇ ಬಂತು. ಅಂಗಡಿ ಬಗ್ಗೆ ಎರಡು ಸಾಲು ನೀವೇ ಬರೀರಿ ಅಂದೆ. ನೀವು ಬರೆದಿದ್ದು "ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಡುವವರು ದಯವಿಟ್ಟು ಬರಬೇಡಿ" ಅಂತ. ಅದನ್ನೂ ಹಾಗೇ ಹಾಕಿದೀನಿ. ಹೂಂ… ಬಿಟ್ಟೆ. ಈಗ ಬಿಟ್ಟೆ ಹೊಟ್ಟೆ. ಅಳೀರಿ.

ಎಡಭುಜನಾ? ಈಗಷ್ಟೇ ಅಳೆದ್ರಲ್ಲ. ಮತ್ತೆ ಅಳೀತೀರಾ? ಸರಿ. ಬ್ಯಾಗು ಹೊತ್ತು ಹೊತ್ತು ಆ ಕಡೆ ಸ್ವಲ್ಪ ಇಳಿದಿದೆ ಮಾಸ್ಟ್ರೇ. ಹತ್ತು ವರ್ಷದಿಂದ ಒಂದೇ ಭುಜಕ್ಕೆ ನೇತಾಕ್ಕೊಂಡು ಓಡಾಡಿದ್ದು.

ಏನಾಯ್ತು, ನಿಂತೇಬಿಟ್ರಿ?

ಅಳತೆ ಪುಸ್ತಕ ಯಾಕೆ ಹಿಂದಕ್ಕೆ ತಿರುಗಿಸ್ತೀರಿ? ನನ್ನ ಪುಟ ಮುಂದಿದೆ… ಓದ್ಬೇಕಾ? ಕೊಡಿ. ನಿಮ್ಮ ಅಕ್ಷರ ಇರುವೆ ಸಾಲು. "ರಿಟೈರಾದ ಬ್ಯಾಂಕ್ ಗುಮಾಸ್ತರು. ಎಡಭುಜ ಅರ್ಧ ಇಂಚು ಕೆಳಗೆ. ಯಾವ ದರ್ಜಿಗೂ ತಿಳಿಯದ್ದು ಈ ಮಾಸ್ಟ್ರಿಗೆ ತಿಳಿಯಿತು." ಓಹೋ, ಫೋನಲ್ಲಿ ಜನ ನಿಮ್ಮ ಬಗ್ಗೆ ಬರೆದ ಏಳೂ ರಿವ್ಯೂನ ಇದಕ್ಕೆ ಇಳಿಸ್ಕೊಂಡಿದೀರಾ? ಮತ್ತೆ ಬಂದ್ರೆ ಅಳತೆ ಕೈಗೆ ಸಿಗ್ಲಿ ಅಂತ… ಭಾರಿ ಆಳು ಮಾಸ್ಟ್ರೇ ನೀವು. ಹೌದು, ಗುಮಾಸ್ತರಿಗೂ ಎಡಭುಜ, ನನಗೂ ಎಡಭುಜ. ಊರಲ್ಲಿ ಅರ್ಧ ಜನಕ್ಕೆ ಹಾಗೇ ಇರುತ್ತೆ ಬಿಡಿ. ನಿಮ್ಮದೂ… ನಿಮ್ಮದು ಸಮ ಇದೆ. ಸರಿ.

ಮಣಿಕಟ್ಟಾ? ತಗೊಳ್ಳಿ. ಸಣ್ಣದೇ. ಅಮ್ಮ ಯಾವಾಗ್ಲೂ ಆಡ್ಕೋತಾಳೆ, ಗಡಿಯಾರ ಕಟ್ಟಿದ್ರೆ ಮೊಣಕೈಗೆ ಹೋಗಿ ಕೂರುತ್ತೆ ಅಂತ… ಮತ್ತೆ ಪುಸ್ತಕ ಯಾಕೆ? "ಒಬ್ಬ ತಾಯಿ. ನನ್ನ ಮಗನ ಮಣಿಕಟ್ಟು ಬಹಳ ಸಣ್ಣ, ಗಡಿಯಾರವೇ ನಿಲ್ಲುವುದಿಲ್ಲ…" ಆ. ಅದೂ ಇದೆಯಾ. ಏನು ಕಾಕತಾಳೀಯ ನೋಡಿ.

ಕತ್ತು ಬೇಡ ಮಾಸ್ಟ್ರೇ. ಕೋಟಿಗೆ ಕತ್ತಿನ ಅಳತೆ ಯಾಕೆ? ಬೇಕೇ ಬೇಕಾ… ಉದ್ದ ಅಂತ ನಂಗೂ ಗೊತ್ತು, ಸ್ಕೂಲಲ್ಲಿ ಕೊಕ್ಕರೆ ಅಂತಿದ್ರು. ಪುಟ ತಿರುಗಿಸ್ಬೇಡಿ. ಗೊತ್ತು. ಬೇಕರಿಯವರ ರಿವ್ಯೂ. ಕಾಲರ್ ಯಾವತ್ತೂ ಸರಿ ಕೂರದೋರು.

ಎದೆ ಮಾತ್ರ ಬಿಟ್ಬಿಡಿ. ಆಗ್ಲೇ ಅಳೆದಿದೀರಿ, ಮೂವತ್ನಾಲ್ಕು. ಅಯ್ಯೋ, ಹಾಗೆ ದುರುಗುಟ್ಟಿ ನೋಡ್ಬೇಡಿ. ಕುಸ್ತಿ ಕೋಚು. ಹೌದು, ಕುಸ್ತಿ ಕೋಚಿಗೂ ಮೂವತ್ನಾಲ್ಕೇ. ಅವರ ರಿವ್ಯೂ ಓದಿದ ದಿನವೂ ಕೇಳಿದ್ರಿ, ಕುಸ್ತಿ ಹೇಳ್ಕೊಡೋನಿಗೆ ಇಷ್ಟು ಎದೆನಾ ಅಂತ. ಅವರು ಬರೀ ಬಾಯಲ್ಲಿ ಹೇಳ್ಕೊಡ್ತಾರೇನೋ ಅಂದೆ. "ನಾನು ಇಂಥೋನಿಗೆ ಹೊಲಿದೇ ಇಲ್ಲ, ಜ್ಞಾಪಕಕ್ಕೇ ಬರ್ತಿಲ್ಲ" ಅಂದ್ರಿ. ನಾನು… ನಾನು ನಗ್ತಾ, "ವಯಸ್ಸಾಯ್ತಲ್ಲ ಮಾಸ್ಟ್ರೇ, ಸಾವಿರಾರು ಜನಕ್ಕೆ ಹೊಲಿದಿದೀರಿ, ಮರೆತಿರ್ತೀರಿ" ಅಂದೆ. ಅಂದಿದ್ದು ಹೌದು. ಗುಮಾಸ್ತರ ವಿಷಯಕ್ಕೂ ಅದೇ ಅಂದೆ. ಬೇಕರಿಯವರಿಗೂ.

ಪೆನ್ಸಿಲ್ ತೆಗೆದು ಕಿವಿಗೆ ಸಿಕ್ಕಿಸ್ಕೊಂಡ್ರಿ. ಬಾಯಿ ಖಾಲಿ ಆಯ್ತಲ್ಲ, ಏನಾದ್ರೂ ಹೇಳಿ. ಬೈಯಿರಿ. ನೀವು ಬೈದ್ರೆ ನನಗೆ ಅಭ್ಯಾಸ ಇದೆ.

ನೋಡಿ, ಅದರಲ್ಲಿ ನಿಜವೂ ಇದೆ. ಕೆರೆಯಿಂದ ಎತ್ತಿ ತಂದಿದ್ದು ನಿಜ. ಫೋಟೋ ನಿಜ. ನರ್ಸಮ್ಮ ದೇವರಾಣೆಗೂ ನಿಜ. ಆದ್ರೆ ದಿನಾ ಸಂಜೆ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಕೇಳ್ತಿದ್ರಿ, "ಯಾರಾದ್ರೂ ಬರೆದ್ರೇನೋ ನನ್ನ ಬಗ್ಗೆ?" ಅಂತ. ಯಾರೂ ಇಲ್ಲ ಅಂದ್ರೆ "ಹೂಂ" ಅಂದು ದೀಪ ಆರಿಸ್ತಿದ್ರಿ. ನಿಮ್ಮ ಹಳೇ ಗಿರಾಕಿಗಳು ಬರೆಯಲ್ಲ ಮಾಸ್ಟ್ರೇ, ಅವರಿಗೆ ಫೋನ್ ಎತ್ತಿ ಹಲೋ ಅನ್ನೋದಷ್ಟೇ ಬರೋದು. ಹನ್ನೊಂದು ದಿನ ಆ "ಹೂಂ" ಕೇಳಿದೆ. ಹನ್ನೆರಡನೇ ದಿನ, ಗುಮಾಸ್ತರು ಬರೆದಿದಾರೆ ಅಂದೆ. ನೀವು ಎರಡು ಸಲ ಓದಿಸ್ಕೊಂಡ್ರಿ. ನಿಮ್ಮ ಮಗಳು ಒಳಗಿಂದ ಓಡಿ ಬಂದು ಕೇಳಿದಳು. ಅವಳ ಮುಖ ನೋಡಿದ ಮೇಲೆ ಮಾರನೇ ದಿನ ಒಬ್ಬ ತಾಯಿ ಬರೆದೇಬಿಟ್ಟಳು. ನನಗೆ ಬೇರೆಯವರ ಮೈ ಎಲ್ಲಿ ಗೊತ್ತು? ಗೊತ್ತಿರೋದು ಇದೊಂದೇ. ಇದನ್ನೇ ಕತ್ತರಿಸಿ ಕತ್ತರಿಸಿ ಹಂಚಿದೆ. ದರ್ಜಿ ಮುಂದೆ ಇಂಥ ಆಟ ಆಡಬಾರ್ದು ಅನ್ನೋ ಬುದ್ಧಿ ಬರ್ಲಿಲ್ಲ ನೋಡಿ.

ಇದೇನಿದು, ಪುಸ್ತಕದಿಂದ ಬಿತ್ತು? ಚೀಟಿ. ಇರಿ, ನಾನೇ ಎತ್ತಿಕೊಡ್ತೀನಿ… ಆಸ್ಪತ್ರೇದು. "ಮರೆವಿನ ತೊಂದರೆ. ತಪಾಸಣೆ, ಸೋಮವಾರ ಹತ್ತು ಗಂಟೆ." ಯಾರಿಗೆ ಇದು?

ಮಾಸ್ಟ್ರೇ, ಯಾರಿಗೆ?

ಮಗಳಿಗೂ ಹೇಳಿಲ್ವಾ… ಏಳು ಜನಕ್ಕೆ ಕೈಯಾರೆ ಹೊಲಿದು ಒಬ್ಬರ ಮುಖವೂ ನೆನಪಿಲ್ಲ ಅಂತ, ಅದಕ್ಕೇ ದಿನಾ ಪುಸ್ತಕ ಬಿಚ್ಚಿ ಕೂರ್ತಿದ್ರಾ? ನಾನು ಅಳತೆ ನೋಡ್ತಿದೀರಿ ಅಂದ್ಕೊಂಡೆ. ಥೂ ನನ್ನ ಜನ್ಮಕ್ಕೆ.

ಕೋಟು ಬೇಡ ಮಾಸ್ಟ್ರೇ. ನಿಮ್ಮ ಮಗಳಿಗೆ ನಾನೇ ಹೇಳ್ತೀನಿ, ನಾನು ಎಂಥೋನು ಅಂತ. ನನ್ನ ಮುಖ ನೋಡೋಕೆ ಇಷ್ಟ ಇಲ್ದಿದ್ರೆ ಕನ್ನಡಿ ಕಡೆಗೇ ತಿರುಗಿರಿ, ಆದ್ರೆ ಇದೊಂದು ಕೇಳಿಸ್ಕೊಳ್ಳಿ. ಸೋಮವಾರ ಎಲ್ಲೂ ಹೋಗೋದು ಬೇಡ. ನಿಮ್ಮ ತಲೆಗೆ ಏನೂ ಆಗಿಲ್ಲ. ಏಳೂ ಜನ ನಾನೇ. ನೀವು ಯಾರನ್ನೂ ಮರೆತಿಲ್ಲ ಮಾಸ್ಟ್ರೇ, ಅವರು ಬಂದೇ ಇರ್ಲಿಲ್ಲ.