ತೋಚಿ ಎಲೆಯೊಳಗಿನ ಪತಂಗ

ಬೇಡ ಅಂದ್ರೆ ಬೇಡ, ಮೇಷ್ಟ್ರೇ. ಅವರ ಹೆಸರು ಹಾಕಬೇಡಿ ಅಂತ ಇನ್ನೆಷ್ಟು ಸಲ ಹೇಳಲಿ... ತಲೆ ಅಲ್ಲಾಡಿಸಬೇಡಿ, ಕೈಯಲ್ಲಿ ಕತ್ತಿ ಇದೆ. ಗಲ್ಲ ಸ್ವಲ್ಪ ಮೇಲೆ. ಹಾಂ, ಹಾಗೆ ಇರಿ.

ಸೋಮವಾರ ಕ್ಷೌರದಂಗಡಿಗೆ ರಜಾ ಅಂತ ಊರಿಗೆಲ್ಲ ಗೊತ್ತು. ನಿಮಗೂ ಗೊತ್ತು. ಆದ್ರೂ ಬಂದು ಬಾಗಿಲು ತಟ್ಟಿದ್ರಿ. ಬಂದಿದ್ದು ಗಡ್ಡಕ್ಕಲ್ಲ, ಆ ಕಾಗದಕ್ಕೆ ನನ್ನ ಒಪ್ಪಿಗೆ ಕೇಳೋಕೆ, ಅದೂ ಗೊತ್ತು. ಆದ್ರೆ ಈ ಮುಖ ಹೊತ್ಕೊಂಡು ಬರೋ ವಾರ ನಮ್ಮನೆಯವ್ರ ವರ್ಷಾಬ್ದಿಕಕ್ಕೆ ಬಂದು ಭಿಕ್ಷುಗಳ ಎದುರು ಕೂತ್ಕೋತೀರಾ? ಹೆಂಡತಿ ತೀರಿಕೊಂಡ ಮೇಲೆ ನಿಮ್ಮನ್ನ ಕನ್ನಡಿ ಮುಂದೆ ನಿಲ್ಲಿಸೋರು ಯಾರೂ ಇಲ್ಲ, ಅಷ್ಟೇ. ಅದಕ್ಕೇ ಕೂರಿಸಿದೆ. ಮುಗಿಯೋತನಕ ಬಾಯಿ ಬಿಡಬೇಡಿ. ಈ ಅಂಗಡೀಲಿ ಇಷ್ಟು ವರ್ಷ ನೀವೂ ನಮ್ಮನೆಯವ್ರೂ ಮಾತಾಡಿದ್ರಿ, ನಾನು ಟವಲ್ ಒಗೆದೆ. ಇವತ್ತು ನಾನು ಮಾತಾಡ್ತೀನಿ.

ಬರೆದಿದ್ದನ್ನ ಓದಿದೆ. 'ಕಾಡಿಗಾಗಿ ಪ್ರಾಣ ಕೊಟ್ಟ ಕಿಯೊಮಿತ್ಸು ಅವರ ಕೊನೆಯ ಕಾಣಿಕೆ.' ಏನ್ ಮೇಷ್ಟ್ರೇ ಇದು? ಪ್ರಾಣ ಯಾರು ಕೊಟ್ರು? ಕಾಡು ಬಂದು ಕೇಳಿತ್ತಾ? ಕಾಲು ಜಾರಿತು. ಮಳೆಗಾಲ, ಹೊಳೆ ದಾಟೋ ಕಲ್ಲಿನ ಮೇಲೆ ಪಾಚಿ, ಜಾರಿ ಬಿದ್ರು, ತಲೆಗೆ ಪೆಟ್ಟಾಯ್ತು. ಸಂಜೆಗೆ ಬಂಗುಡೆ ಮೀನು ಸುಡು, ಮೂಲಂಗಿ ತುರಿದಿಡು ಅಂತ ಹೇಳಿ ಹೋದ ಮನುಷ್ಯ. ಪ್ರಾಣ ಕೊಡೋಕೆ ಹೋದವರು ಮೂಲಂಗಿ ತುರಿಸಿಡ್ತಾರಾ?

ನಗ್ತೀರಾ? ನಗಬೇಡಿ, ಕೆನ್ನೆ ಕೊಯ್ದುಹೋಗುತ್ತೆ.

ಆವತ್ತು ನೀವು ಬರಬೇಕಿತ್ತು. ಮಿನೊತಾನಿ ಕಣಿವೆಗೆ ಒಬ್ಬೊಬ್ಬರೇ ಹೋಗಕೂಡದು ಅಂತ ನೀವೇ ಮಾಡಿದ ನಿಯಮ. ಬೆಳಿಗ್ಗೆ ಫೋನ್ ಮಾಡಿ ಮಂಡಿ ನೋವು, ಮುಂದಿನ ವಾರ ಹೋಗೋಣ ಅಂದ್ರಿ. ಅವರು ಹೂಂ ಅಂದು ಫೋನ್ ಇಟ್ಟು ಬೂಟು ಹಾಕ್ಕೊಂಡ್ರು. ನಾನು ಇಬ್ಬರಿಗೂ ಅನ್ನದುಂಡೆ ಕಟ್ಟಿಟ್ಟಿದ್ದೆ, ಹುಳಿ ಪ್ಲಮ್ ಇಟ್ಟು. ಎರಡೂ ಪೊಟ್ಟಣ ತಗೊಂಡು ಹೋದ್ರು. ಮಾರನೇ ದಿನ ಪೊಲೀಸರು ಚೀಲ ತಂದುಕೊಟ್ಟಾಗ ಒಂದು ಖಾಲಿ ಇತ್ತು. ನಿಮ್ಮ ಪಾಲಿನದು ಕಟ್ಟಿದ ಹಾಗೇ ಇತ್ತು, ಮೇಷ್ಟ್ರೇ. ಅದನ್ನ ನಿಮಗೆ ಯಾವತ್ತೂ ಹೇಳಿರಲಿಲ್ಲ. ಇವತ್ತು ಹೇಳ್ತಿದೀನಿ. ಯಾಕಂದ್ರೆ ಇವತ್ತು ನನಗೆ ಸಿಟ್ಟು ಬಂದಿದೆ.

ಕಣ್ಣು ಮುಚ್ಚಬೇಡಿ. ಕನ್ನಡೀಲಿ ನನ್ನನ್ನೇ ನೋಡಿ.

ಈ ಹುಚ್ಚು ಹಿಡಿಸಿದ್ದು ಯಾರು? ಇದೇ ಕುರ್ಚೀಲಿ ಕೂತು, ಹೊದಿಸಿದ ಬಟ್ಟೆ ಒಳಗಿಂದ ಕೈ ಹೊರಗೆ ತೆಗೆದು ಒಂದು ಎಲೆ ತೋರಿಸಿದ್ರಿ. ಇವರು ಶಾಲೆ ಬಸ್ಸಿನ ಡ್ಯೂಟಿ ಮುಗಿಸಿ ಅದೇ ಆಗ ಒಳಗೆ ಬಂದಿದ್ರು. ಎಲೆ ಮೇಲೆ ಬಿಳೀ ಗೆರೆ ಸುತ್ತಿಕೊಂಡು ಸುತ್ತಿಕೊಂಡು ಹೋಗಿತ್ತು. ಎಲೆಯ ಎರಡು ಪದರದ ಮಧ್ಯೆ ಒಂದು ಹುಳ ಇದೆ, ಮೇದು ಮೇದು ದಾರಿ ಮಾಡುತ್ತೆ, ಆಮೇಲೆ ಅಲ್ಲೇ ಪತಂಗ ಆಗುತ್ತೆ ಅಂದ್ರಿ. ಎಷ್ಟು ದೊಡ್ಡದು ಅಂತ ಇವರು ಕೇಳಿದ್ರು. ನೀವು ನೆಲದ ಮೇಲೆ ಬಿದ್ದಿದ್ದ ನಿಮ್ಮದೇ ಕೂದಲು ಒಂದು ಚೂರು ಎತ್ತಿ, ಇಷ್ಟು ಅಂದ್ರಿ. ಮುಗೀತು ಅಲ್ಲಿಗೆ. ಎಲೆ ನೀವು ಬಿಟ್ಟು ಹೋದ್ರಿ, ಮನುಷ್ಯನ್ನ ಕರ್ಕೊಂಡು ಹೋದ್ರಿ.

ಆಮೇಲೆ ನನ್ನ ಮನೆ ಮನೆಯಾಗಿ ಉಳೀಲಿಲ್ಲ. ಫ್ರಿಜ್ಜಲ್ಲಿ ಸೊಪ್ಪಿನ ಪಕ್ಕ ಎಲೆಗಳ ಡಬ್ಬಿ. ವರಾಂಡದಲ್ಲಿ ಡಬ್ಬಿ. ಯಾವುದೂ ಬಿಸಿಲಿಗೆ ಇಡಕೂಡದು, ಯಾವುದೂ ಒಣಗಕೂಡದು. ಮದುವೆಯಾದ ಮೇಲೆ ಒಂದೇ ಒಂದು ಸಲ ಬಿಸಿನೀರಿನ ಬುಗ್ಗೆ ಊರಿಗೆ ಹೋದ್ವಿ, ಅಲ್ಲೂ ಛತ್ರದ ಹಿಂದಿನ ಓಕ್ ಮರದ ಕೆಳಗೆ ಬಗ್ಗಿ ನಿಂತ್ರು. ಗಿರಾಕಿಗಳ ಹತ್ತಿರ ಅವರನ್ನ ಆಡ್ಕೊಂಡು ನಕ್ಕಿದೀನಿ. ಬೇರೆಯವರ ಗಂಡಂದಿರು ಮೀನು ಹಿಡಿದು ತರ್ತಾರೆ, ನಮ್ಮವರು ಕಾಣದೇ ಇರೋದನ್ನ ಹಿಡಿದು ತರ್ತಾರೆ ಅಂತ. ಊರೇ ನಗ್ತಿತ್ತು. ಅವರೂ ನಗ್ತಿದ್ರು. ಅವರಿಗೆ ಬೇಜಾರಾಗ್ತಿತ್ತೋ ಏನೋ, ನಾನು ಕೇಳಲಿಲ್ಲ.

ಶವಸಂಸ್ಕಾರದ ದಿನ ನಾನು ಕೂಗಾಡಿದ್ದು ನೆನಪಿದೆಯಲ್ಲ. ಇನ್ನು ಯಾರೂ ಆ ಹಾಳು ಹುಳಕ್ಕೋಸ್ಕರ ಮಿನೊತಾನಿಗೆ ಕಾಲಿಡಕೂಡದು, ಇಟ್ರೆ ನನ್ನ ಅಂಗಡಿ ಬಾಗಿಲಿಗೆ ಬರಬೇಡಿ ಅಂದೆ. ನಾನಂತೂ ಸಾಯೋತನಕ ಆ ಕಡೆ ತಲೆ ಹಾಕಿ ಮಲಗಲ್ಲ ಅಂದೆ. ನಿಮ್ಮ ಕೀಟ ಬಳಗದವರೆಲ್ಲ ತಲೆ ತಗ್ಗಿಸಿ ಕೇಳಿದ್ರು. ಒಬ್ಬರೂ ಹೋಗಲಿಲ್ಲ. ಶರತ್ಕಾಲದ ನಿಮ್ಮ ದೊಡ್ಡ ಸುತ್ತಾಟಾನೂ ನಿಂತುಹೋಯ್ತು. ಪಾಪ ಅನ್ನಿಸಲಿಲ್ಲ ನನಗೆ. ಸರಿಯಾಯ್ತು ಅನ್ನಿಸಿತು.

ಆ ಕಡೆ ತಿರುಗಿ. ಕಿವಿ ಹಿಂದೆ ಇನ್ನೂ ಇದೆ.

ಮೇ ತಿಂಗಳಲ್ಲಿ ಆ ಪುಟ್ಟ ಡಬ್ಬಿ ನಿಮಗೆ ಕೊಟ್ಟಿದ್ದು ನಂದೇ ತಪ್ಪು. ಸೂಜಿಗೆ ಚುಚ್ಚಿದ ಮೂರು ಪತಂಗ. ಅವರ ಕಪಾಟಿನಲ್ಲಿತ್ತು, ಏನು ಅಂತ ನೋಡಿ ಅಂದೆ. ನೋಡಿ ಸುಮ್ಮನಾಗ್ತೀರಿ ಅಂದ್ಕೊಂಡೆ. ನೀವೋ, ಕಳಿಸಿದ್ರಿ ಯಾರ್ಯಾರಿಗೋ. ನಮ್ಮ ಪ್ರಾಂತ್ಯದಲ್ಲಿ ಮೊದಲ ದಾಖಲೆ, ಪ್ರಾಂತ್ಯ ಯಾಕೆ, ಈ ದ್ವೀಪದಲ್ಲೇ ಮೊದಲು, ಇದುವರೆಗೂ ದೂರದ ಹೊಕ್ಕಾಯ್ಡೊದಲ್ಲಿ ಮಾತ್ರ ಸಿಕ್ಕಿತ್ತು ಅಂತ ಓಡಿ ಬಂದ್ರಿ. ಅವತ್ತು ಈ ಬಾಗಿಲಲ್ಲಿ ನಿಂತು ಅತ್ರಿ ನೀವು. ಈಗ ವರ್ಷಾಬ್ದಿಕದ ದಿನಕ್ಕೆ ಸರಿಯಾಗಿ ಬಳಗದ ಪತ್ರಿಕೆಯ ಸಂಚಿಕೆ ತರ್ತೀರಂತೆ. ಮೊದಲ ಪುಟದಲ್ಲಿ ಅವರ ಫೋಟೋ. ಹುಡುಕಿದವರು ಕಿಯೊಮಿತ್ಸು. ಬುದ್ಧನ ಗೂಡಿನ ಮುಂದೆ ಇಡೋಕೆ ನನಗೊಂದು ಪ್ರತಿ.

ನನಗೆ ಬೇಡ ಆ ಪ್ರತಿ.

ಏನು, ಹುಬ್ಬು ಏರಿಸ್ತೀರಿ? ಗಂಡನಿಗೆ ಬರೋ ಹೆಸರನ್ನ ಹೆಂಡತಿ ತಡೀತಾಳೆ, ಎಂಥಾ ಕಲ್ಲು ಮನಸ್ಸು ಅಂತ ತಾನೇ? ಅಂದ್ಕೊಳ್ಳಿ. ನಿಮ್ಮ ಬಳಗಾನೂ ಅಂದುಕೊಳ್ಳಲಿ. ಬದುಕಿದ್ದಾಗ ಅವರು ಹಿಡಿದಿದ್ದು ಬೇಕಾದಷ್ಟಿದೆ, ಅದಕ್ಕೆಲ್ಲ ಹೆಸರು ಹಾಕಿ, ನಾನು ಬೇಡ ಅನ್ನಲ್ಲ. ಇದಕ್ಕೆ ಬೇಡ. ಇದು... ಇದರಲ್ಲಿ ಹೊಗಳೋದು ಏನೂ ಇಲ್ಲ. 'ವರ್ಷಗಟ್ಟಲೆ ಪಟ್ಟು ಬಿಡದೆ, ಎತ್ತರದ ತೋಚಿ ಮರಗಳ ನೆತ್ತಿಯಿಂದ ಅಪಾರ ಕೌಶಲದಿಂದ ಪಡೆದ' ಅಂತ ಬರ್ದಿದೀರಲ್ಲ, ಓದಿ ಮೈ ಉರೀತು ನನಗೆ. ಯಾವ ಕೌಶಲ? ನೆತ್ತಿ ಅಂತೆ, ಪಟ್ಟು ಅಂತೆ! ಮರ ಬುಡ ಸಮೇತ ಮಗುಚಿ ಬಿದ್ದಿತ್ತು, ಮೇಷ್ಟ್ರೇ. ಹೊಳೆಗೆ ಅಡ್ಡ ಮಲಗಿತ್ತು. ಅರ್ಧ ಬೇರು ಇನ್ನೂ ಮಣ್ಣಲ್ಲಿದ್ದಿದ್ದಕ್ಕೆ ಎಲೆ ಹಸಿರಾಗೇ ಇತ್ತು. ಯಾವತ್ತೂ ಯಾರ ಕೈಗೂ ಸಿಗದ ನೆತ್ತಿಯ ಎಲೆ ನನ್ನ ಸೊಂಟದ ಎತ್ತರಕ್ಕೆ ಬಂದು ಕೂತಿತ್ತು. ಸುಮ್ಮನೆ ನಿಂತಲ್ಲಿಂದ ಕೈ ಚಾಚಿದ್ರೆ ಸಾಕು, ಗೆರೆ ಇರೋ ಎಲೆ, ಇನ್ನೊಂದು, ಮತ್ತೊಂದು... ಸೆಪ್ಟೆಂಬರಿನ ಆ ಗಾಳಿಗೆ ಅಷ್ಟು ದೊಡ್ಡ ಮರ...

...

ಏನು?

ಯಾಕೆ ಹಾಗೆ ನೋಡ್ತಿದೀರಿ?

ಆ ಗಾಳಿ ಸೆಪ್ಟೆಂಬರಿನದೇ. ಹೌದು. ಎಲ್ಲರ ಮನೆ ಹೆಂಚೂ ಹಾರಿತ್ತು, ಅದೇ ಗಾಳಿ. ನಮ್ಮನೆಯವ್ರು ಹೋಗಿದ್ದು ಜೂನ್‌ನಲ್ಲಿ. ನನಗೆ ಗೊತ್ತು ಅವರು ಯಾವಾಗ ಹೋದ್ರು ಅಂತ, ನೀವು ಹಾಗೆ ಕಣ್ಣಲ್ಲೇ ಲೆಕ್ಕ ಹಾಕೋದು ಬೇಡ.

ಯಾರೋ ಹೇಳಿದ್ರು, ಅರಣ್ಯದವರು ಯಾರೋ, ಕೂದಲು ಕತ್ತರಿಸೋಕೆ ಬಂದಾಗ... ಮರ ಬಿದ್ದಿದೆ ಅಂತ...

ನನ್ನ ಸೊಂಟ ಅಂದೆ. ಹೌದು. ಅಂದೆ.

ಮಾತಾಡಿ. ಹೇಳಿದ್ದು ವಾಪಸ್ ತಗೊಂಡೆ, ಬಾಯಿ ಬಿಡಬಹುದು ನೀವು. ಕತ್ತಿ ದೂರ ಇಟ್ಟಿದೀನಿ. ಬೈದುಬಿಡಿ. ಊರೆಲ್ಲ ಹೋಗಕೂಡದು ಅಂದು ತಾನು ಮಾತ್ರ ಕದ್ದು ಹೋಗಿದಾಳೆ ಅಂತ ಬೈದುಬಿಡಿ. 

ಬೈಯೋಕೇ ಹೋಗಿದ್ದು ನಾನೂ. ಗಾಳಿ ನಿಂತ ಮೇಲೆ, ಒಂದು ಸೋಮವಾರ. ಅವರ ಬೂಟು ಕಾಲಿಗೆ ದೊಡ್ಡದಾಗ್ತಿತ್ತು, ಎರಡು ಜೊತೆ ಕಾಲುಚೀಲ ಹಾಕ್ಕೊಂಡೆ. ಕರಡಿಗೆ ಕೇಳಿಸಲಿ ಅಂತ ಅವರ ಗಂಟೆ ಸೊಂಟಕ್ಕೆ ಕಟ್ಕೊಂಡೆ. ಆ ಕಲ್ಲು ಯಾವುದು ನೋಡಬೇಕಿತ್ತು. ನೋಡಿದೆ. ಬೈದೆ. ಹೊಳೆಗೆ ಬೈದೆ, ಅವರಿಗೆ ಬೈದೆ, ನಿಮ್ಮ ಹೆಸರು ಹಿಡಿದೂ ಬೈದೆ, ಜೋರಾಗಿ. ಬೈದು ಬೈದು ಬಾಯಾರಿತು. ಬಗ್ಗಿ ನೀರು ಕುಡಿದು ತಲೆ ಎತ್ತಿದ್ರೆ ಮೂಗಿನ ಮುಂದೆ ಆ ತೋಚಿ ಎಲೆ. ಬಿಳೀ ಗೆರೆ. ಹೊಸಕಿ ಹಾಕಬೇಕು ಅಂತಲೇ ಕಿತ್ತಿದ್ದು, ದೇವರಾಣೆ. ಬೆಳಕಿಗೆ ಹಿಡಿದೆ. ಒಳಗೆ ಹುಳ ಮೇಯ್ತಾ ಇತ್ತು. ನಾನು ಅಷ್ಟು ಕಿರುಚಾಡಿದ್ದು ಅದಕ್ಕೆ ಗೊತ್ತೇ ಇಲ್ಲ. ತನ್ನ ಪಾಡಿಗೆ ಮೇಯ್ತಾ ಇತ್ತು.

ಎಲೆ ಮನೆಗೆ ತಂದೆ. ಅವರ ಡಬ್ಬೀಲೇ ಇಟ್ಟೆ. ಚಳಿಗಾಲ ಪೂರ್ತಿ ವರಾಂಡದಲ್ಲಿಟ್ಟು ನೀರು ಚಿಮುಕಿಸಿದೆ. ಅವರು ಮಾಡ್ತಿದ್ದಿದ್ದನ್ನ ಇಷ್ಟು ವರ್ಷ ಗೊಣಗಿಕೊಂಡೇ ನೋಡಿದ್ದೆನಲ್ಲ, ಕೈಗೆ ತಾನಾಗೇ ಬಂತು. ವಸಂತದಲ್ಲಿ ಒಂದು ಬೆಳಿಗ್ಗೆ ಟವಲ್ ಕುದಿಸೋಕೆ ಇಟ್ಟು ಹೋಗಿ ನೋಡಿದ್ರೆ ಡಬ್ಬಿ ಗೋಡೆ ಮೇಲೆ ಕೂತಿತ್ತು. ಬಂಗಾರದ ಬಣ್ಣ, ರೆಕ್ಕೆ ಮೇಲೆ ಬೆಳ್ಳಿ ಪಟ್ಟೆ. ಸತ್ತ ಮೇಲೆ ಆ ಹೊಳಪು ಇರಲ್ಲ, ನೀವು ನೋಡಿದ್ದು ಏನೂ ಅಲ್ಲ. ಟವಲ್ ನೀರು ಬತ್ತಿಹೋಗಿ ಪಾತ್ರೆ ಸೀದು ವಾಸನೆ ಬಂದಾಗಲೇ ನನಗೆ ಎಚ್ಚರ. ಆಮೇಲೆ ಇನ್ನೆರಡು ಹೊರಬಂದವು, ಮೂರನ್ನೂ ಅವರು ಮಾಡ್ತಿದ್ದ ಹಾಗೇ ಸೂಜಿಗೆ ಚುಚ್ಚಿ ಅವರ ಕಪಾಟಿನಲ್ಲಿಟ್ಟೆ.

ಅಳ್ತಿದೀರಾ? ಅಳಬೇಡಿ. ಅವರು ಮೇಲಿಂದ ನನ್ನ ಕೈ ಹಿಡಿದು ಆ ಎಲೆ ತೋರಿಸಿದ್ರು ಅಂತ ಅಂದ್ಕೊಂಡು ಅಳ್ತಿದೀರಿ ನೀವು. ನನಗೆ ಗೊತ್ತು. ಬಳಗದವರೂ ಅದನ್ನೇ ಅಂತಾರೆ. ಅದಕ್ಕೇ ಬಾಯಿ ಬಿಡಲಿಲ್ಲ ನಾನು. ಅಲ್ಲಿ ಯಾರೂ ಇರಲಿಲ್ಲ, ಮೇಷ್ಟ್ರೇ. ಅವರು ಇರಲಿಲ್ಲ. ನಾನೊಬ್ಬಳೇ ಇದ್ದೆ. ಮತ್ತೆ ಹೋದೆ, ಅದಾದ ಮೇಲೂ ಹೋದೆ, ಎಲೆ ಉದುರೋತನಕ ಸೋಮವಾರ ಬಂತು ಅಂದ್ರೆ ಹೋದೆ. ಅವರನ್ನ ನೆನೆಸಿಕೊಂಡು ಹೋಗಲಿಲ್ಲ. ಕೆಲವು ದಿನ ಆ ಕಲ್ಲಿನ ಪಕ್ಕದಲ್ಲೇ ಕೂತು ಅನ್ನದುಂಡೆ ತಿಂದು, ಅದು ಯಾವ ಕಲ್ಲು ಅನ್ನೋದೇ ಮರೆತು ಎದ್ದು ಬಂದಿದೀನಿ. ನನಗೆ ಖುಷಿಯಾಗ್ತಿತ್ತು. ಗಂಡ ಸತ್ತ ಜಾಗದಲ್ಲಿ, ವರ್ಷ ಕೂಡ ತುಂಬಿಲ್ಲ, ಖುಷಿಯಾಗ್ತಿತ್ತು ನನಗೆ. ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ಅಂಥಾ ಖುಷಿ. ಇದನ್ನ ಯಾರಿಗೆ ಹೇಳಲಿ? ಬುದ್ಧನ ಗೂಡಿನ ಮುಂದೆ ಊದುಬತ್ತಿ ಹಚ್ಚುವಾಗ ಅವರ ಫೋಟೋ ಮುಖ ನೋಡೋಕಾಗಲ್ಲ ನನಗೆ. ನೀವು ಅವರ ಹೆಸರು ಹಾಕ್ತೀನಿ ಅಂತೀರಿ. ನನ್ನ ಖುಷಿಗೆ ಅವರ ಹೆಸರು ಹಾಕ್ತೀರಾ?

ಹೂಂ... ಒರೆಸಿಕೊಳ್ಳಿ. ಆ ಒಣ ಟವಲ್ ತಗೊಳ್ಳಿ.

ಫುಸಾಯೆ ಅಂತ ಬರೀರಿ. ಹುಡುಕಿದವರು, ಫುಸಾಯೆ. 'ಮಡದಿ' ಅಂತ ಹಿಂದೆ ಮುಂದೆ ಸೇರಿಸಿದ್ರೆ ಹರಿದು ಹಾಕ್ತೀನಿ. ವರ್ಷಾಬ್ದಿಕದ ದಿನ ಬೇಡ, ಆ ದಿನ ಅವರದು. ಮುಂದಿನ ಸಂಚಿಕೆಗೆ ಹಾಕಿ.

ಒರೆಸಿಕೊಂಡ್ರಾ? ಒಳ್ಳೇದು. ಗಲ್ಲ ಮೇಲೆ ಎತ್ತಿ, ಇನ್ನು ಸ್ವಲ್ಪ ಇದೆ. ಅಕ್ಟೋಬರಿಗೆ ಆ ತೋಚಿ ಮರದಲ್ಲಿ ಇನ್ನೂ ಜೀವ ಇದ್ರೆ ಮತ್ತೆ ಎಲೆ ಬಲಿತಿರುತ್ತೆ. ನಾನು ಹೋಗ್ತೀನಿ. ನಿಮ್ಮನ್ನ ಕರೀತಾ ಇಲ್ಲ. ಹೋಗ್ತೀನಿ ಅಂತ ಹೇಳ್ತಿದೀನಿ, ಅಷ್ಟೇ.