ಎಡಮಗ್ಗುಲು

ಇದು ನಡೆದದ್ದು ಬೈಕಲ್ ಸರೋವರದ ದಂಡೆಯ ಕೆದ್ರೋವ್ಕದಲ್ಲಿ, ಪಕ್ಕದ ಮನೆಯ ಉಸ್ತೀನ್ಯಾಗೆ. ಕೊಲ್ಲಿ ಹೆಪ್ಪುಗಟ್ಟಿತ್ತು. ಜನವರಿಯಲ್ಲಿ ಅಲ್ಲಿ ಸಂಜೆ ಆರಕ್ಕೇ ಕಗ್ಗತ್ತಲು... ಸಂಶೋಧನಾ ಕೇಂದ್ರದಿಂದ ಮನೆಗೆ ಮಂಜುಗಡ್ಡೆಯ ಮೇಲೇ ಅಡ್ಡದಾರಿ. ದಾರಿಯಲ್ಲಿ ಹಳೇ ದೋಣಿಕಟ್ಟೆ, ಅದರ ಮಗ್ಗುಲಲ್ಲಿ ನೀರು ಸೇದಲು ಕೊರೆದ ಕಂಡಿ. ಅಕ್ಟೋಬರಿನಲ್ಲಿ ಕಾಣೆಯಾದ ಅವಳ ಗಂಡ ಯೆವ್ಸೇಯ್ ಮೂರು ದಿನದ ಹಿಂದೆ ಸಿಕ್ಕಿದ್ದು ಅದೇ ಕಂಡಿಯಲ್ಲಿ. ಬಟ್ಟೆಯೊಳಗೆ ಬರೀ ಎಲುಬು.

ಕುಡಿದು ಕಟ್ಟೆಯಿಂದ ಜಾರಿದ ಅಂತ ಅವನ ಜೊತೆ ಮೀನಿಗೆ ಹೋಗುತ್ತಿದ್ದ ಪ್ರೋಖರ್ ಹೇಳಿದ, ಪೊಲೀಸರು ಬರೆದುಕೊಂಡರು. ಯೆವ್ಸೇಯ್ ಹನ್ನೆರಡು ವರ್ಷದಿಂದ ಒಂದು ಹನಿ ಮುಟ್ಟಿರಲಿಲ್ಲ.

ಕೇಂದ್ರದಲ್ಲಿ ಉಸ್ತೀನ್ಯಾಳ ಕೆಲಸ ಬಾರ್ಮಾಶ್‌ಗಳ ಜಾತಿ ಗುರುತಿಸುವುದು. ಬೆನ್ನು ಬಾಗಿಸಿ ಮಗ್ಗುಲಾಗಿ ಈಜುವ, ಸೀಗಡಿಯ ದಾಯಾದಿ ಹುಳುಗಳು. ಆ ನೀರಿನಲ್ಲಿ ನೂರಾರು ಬಗೆ. ಸತ್ತ ಮೀನನ್ನೂ ಸತ್ತ ಮನುಷ್ಯನನ್ನೂ ಒಂದೇ ಶ್ರದ್ಧೆಯಿಂದ ಮುಗಿಸುತ್ತವೆ. ಮುಂಗಾಲಿನ ಇಕ್ಕಳ, ಮೀಸೆಯ ಗೆಣ್ಣು, ಬಾಲದ ಮುಳ್ಳು ಎಣಿಸಿ ಅವಳು ಇದು ಎಷ್ಟು ಆಳದ್ದು ಅಂತ ಹೇಳಿಬಿಡುತ್ತಿದ್ದಳು.

ಗಂಡನ ಬೂಟಿನಲ್ಲಿ ಹದಿನಾಲ್ಕು ಸಿಕ್ಕವು. ಹಾಲುಬಿಳುಪು. ಕಣ್ಣಿಲ್ಲ. ಸಾವಿರ ಮೀಟರ್ ಕೆಳಗಿನವು.

ಕಟ್ಟೆಯ ಹತ್ತಿರ ನೀರು ಎದೆಮಟ್ಟ.

ಮಾರನೇ ದಿನ ನಗರದಿಂದ ತನಿಖೆಯವರು ಬರುವವರಿದ್ದರು. ಆ ಹದಿನಾಲ್ಕನ್ನೂ ತುಂಬಿದ ಸೀಸೆ ಅವಳ ಕೋಟಿನ ಜೇಬಿನಲ್ಲಿತ್ತು.

ಸಂಜೆ ಮನೆಗೆ ಹೊರಟವಳು ಕಂಡಿಗೆ ಇಪ್ಪತ್ತು ಹೆಜ್ಜೆ ಇರುವಾಗ... ಟಕ್.

ಅವಳು ನಿಂತಳು. ಮತ್ತೆ ನಡೆದಳು. ಟಕ್... ಟಕ್... ಮಂಜುಗಡ್ಡೆ ಬಿರಿದರೆ ಗುಡುಗಿದ ಹಾಗೆ ಕೇಳುತ್ತದೆ. ಇದು ಬೂಟಿನ ಹಿಮ್ಮಡಿ. ಅವಳ ಅಂಗಾಲಿಗೆ ಅಂಗಾಲು ಕೊಟ್ಟು, ಮಂಜಿನ ಕೆಳಗಿನಿಂದ.

ಕತ್ತಲಿನಿಂದ ಯಾರೋ ಎದ್ದರು. ಪ್ರೋಖರ್. ಕೈಯಲ್ಲಿ ಮಂಜು ಒಡೆಯುವ ಹಾರೆ.

"ಏನೇ ಹುಳ ಎಣಿಸೋಳೇ," ಅಂದ ಮೆಲ್ಲಗೆ, "ಗಂಡನ್ನ ತಿಂದ ಹುಳಕ್ಕೂ ಹೆಸರಿಟ್ಟೆಯಂತೆ?"

"ಹೆಸರು ಮೊದ್ಲೇ ಇತ್ತು. ಊರು ಯಾವ್ದು ಅಂತ ವಿಚಾರಿಸ್ದೆ."

"ಸೀಸೆ ಕೊಡು."

"ನಡುನೀರಲ್ಲಿ ಕೊಂದೆ ಅಲ್ವೇನೋ?"

ಹಾರೆಯ ಹಿಡಿ ದವಡೆಗೆ ಬಿತ್ತು. ಎರಡು ಹಲ್ಲು ಕಟಕಟ ಅಂತ ಮಂಜಿನ ಮೇಲೆ ಉರುಳಿದವು. ಜಡೆ ಹಿಡಿದು ಕಂಡಿಯ ತನಕ ಎಳೆದ. ಅವಳು ಅವನ ಹೆಬ್ಬೆರಳನ್ನು ಎಲುಬು ಸಿಗುವ ತನಕ ಕಚ್ಚಿದಳು. ಎದೆಗೆ ಒದ್ದ, ಮುಖವನ್ನು ಕಂಡಿಗೆ ಅದುಮಿದ, ಎತ್ತಿದ, ಮತ್ತೆ ಅದುಮಿದ. ಎತ್ತಿದಾಗೊಮ್ಮೆ ಕಿವಿಯಲ್ಲಿ ಪಿಸುಗುಟ್ಟಿದ... ಅಳುತ್ತಿದ್ದ.

"ಕಳ್ಳಬಲೆ ವಿಷ್ಯ ಬಾಯಿ ಬಿಡ್ತೀನಿ ಅಂದ. ದೋಣಿ ಹುಟ್ಟಿನಿಂದ ತಲೆ ಒಡೆದೆ. ಸರಿ. ಎರಡು ಲಂಗರು ಕಟ್ಟಿ ಬಿಟ್ಟಿದ್ದೆ ಕಣೇ... ಗಂಟು ನಾನೇ ಹಾಕಿದ್ದು. ಅವ್ನು ಇಲ್ಲೀವರೆಗೆ ಹೆಂಗ್ ಬಂದ? ಹೇಳೇ! ಹೆಂಗ್ ಬಂದ?"

ಟಕ್.

ಕಂಡಿಯ ನೀರು ಬೆಳ್ಳಗಾಯಿತು. ತಳದಿಂದ ಹಾಲು ಉಕ್ಕಿದ ಹಾಗೆ... ಸಾವಿರಾರು. ಉಸ್ತೀನ್ಯಾಳ ಕೆನ್ನೆ, ರೆಪ್ಪೆ, ಒಡೆದ ತುಟಿ ಮೇಲೆಲ್ಲ ಹರಿದಾಡಿದವು. ಒಂದೂ ಕಚ್ಚಲಿಲ್ಲ. ಜಡೆಯ ಮೇಲಿನ ಹಿಡಿತ ಸಡಿಲವಾಯಿತು. ಪ್ರೋಖರನ ಎಡತೋಳು ಭುಜದವರೆಗೆ ನೀರೊಳಗಿತ್ತು, ಅವನು ಹಾಕಿದ್ದಲ್ಲ.

ಅವಳು ತೆವಳಿದಳು. ಹಿಂದೆ ಚೀರಾಟ... ಆಮೇಲೆ ಅದೂ ನಿಂತು, ಚರಚರ, ಚರಚರ, ರೇಷ್ಮೆಹುಳು ಸೊಪ್ಪು ಮೆಲ್ಲುವ ಸದ್ದು. ದಂಡೆಯ ಮೊದಲ ಮನೆಯ ಬಾಗಿಲಿಗೆ ಬಿದ್ದಳು. ಬೆಳಗಿನ ತನಕ ಆ ಮನೆಯ ಇಬ್ಬರು ಹೆಂಗಸರು ಅವಳ ದವಡೆ ಹಿಡಿದು ಕೂತಿದ್ದರು, ಹೊರಗೆ ಬಿಡಲಿಲ್ಲ.

ತನಿಖೆಯವರು ಸೀಸೆ ನೋಡಿದರು. ಜಾರಿ ಬಿದ್ದ ಅನ್ನುವುದನ್ನು ಹೊಡೆದುಹಾಕಿ, ಕೊಲೆ ಅಂತ ಬರೆದರು.

ಪ್ರೋಖರ್ ಕಂಡಿಯ ಅಂಚಿನಲ್ಲಿ ಅಂಗಾತ ಬಿದ್ದಿದ್ದ. ಬಲಮಗ್ಗುಲು ಪೂರ್ತಿ ನೆಟ್ಟಗಿತ್ತು, ಅರ್ಧ ಮೀಸೆಯ ಮೇಲೆ ಹಿಮದ ಹರಳು ಕೂಡ. ಎಡಮಗ್ಗುಲು ತೊಳೆದಿಟ್ಟಂಥ ಎಲುಬು. ಹುಳ ತಿಂದಿವೆ ಅಂದರು ವೈದ್ಯರು. ತಿಂದಿರಲಿ... ಎಡತೋಳಿನ ಎಲುಬುಗಳು ಮಂಜಿನ ಮೇಲೆ ಒಂದೇ ಸಾಲಿನಲ್ಲಿದ್ದವು. ಭುಜದಿಂದ ಕಿರುಬೆರಳಿನ ತುದಿಯವರೆಗೆ, ಒಂದೂ ತಪ್ಪದೆ, ಒಂದೊಂದರ ನಡುವೆ ಒಂದೇ ಅಳತೆಯ ಜಾಗ ಬಿಟ್ಟು.

ಕೇಂದ್ರದಲ್ಲಿ ಹೊಸ ಬಾರ್ಮಾಶ್ ಗುರುತಿಸುವಾಗ ಹಾಗೇ ಮಾಡುತ್ತಾರೆ. ಎಡಗಡೆಯ ಕಾಲುಗಳನ್ನಷ್ಟೇ ಕಿತ್ತು ಗಾಜಿನ ಮೇಲೆ ಸಾಲಾಗಿ ಇಡುತ್ತಾರೆ. ಬಲಗಡೆ ಮುಟ್ಟುವುದಿಲ್ಲ, ಮುಂದೆ ಪರೀಕ್ಷಿಸುವವರಿಗೆ ಬೇಕಾಗುತ್ತದೆ.

ಮಂಜಿನ ಮೇಲಿನ ಆ ಎಲುಬಿನ ಸಾಲನ್ನು ಕಣ್ಣಾರೆ ಕಂಡವರು ಹನ್ನೊಂದು ಜನ. ಎಲ್ಲರೂ ಬದುಕಿದ್ದಾರೆ, ಕೇಳಿ ನೋಡಿ.